ಈಜಿಪುರದ ಆ 22 ಎಕರೆ

ಪ್ರಿಯ ಗೆಳೆಯ,

ಈಜಿಪುರದಲ್ಲಿ ಮನೆ ಕಳೆದುಕೊಂಡವರ ಮಾತು ಬಂದಾಗ, "ಅವರಿಗೆ ಬೇರೆ ಕಡೆ ಮನೆ ಕೊಟ್ಟರಲ್ಲ, ಇನ್ನೇನು ಬೇಕಂತೆ?" ಎಂದು ನೀನು ಫೋನಿನಲ್ಲಿ ಕೇಳಿದೆ. ಆಗಲೇ ಉತ್ತರ ಕೊಟ್ಟಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಕೋರಮಂಗಲಕ್ಕೆ ಹೊಂದಿಕೊಂಡ ಈಜಿಪುರದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ) ಕ್ವಾರ್ಟರ್ಸನ್ನು ಬಡವರಿಗೆಂದೇ 1990ರ ದಶಕದಲ್ಲಿ ಪಾಲಿಕೆ ಕಟ್ಟಿಸಿತ್ತು. 2007ರಲ್ಲಿ ಒಂದು ಬ್ಲಾಕ್ ಕುಸಿದುಬಿತ್ತು. ಆಮೇಲೆ ಬಂದದ್ದು ಖಾಸಗಿ ಸಹಭಾಗಿತ್ವದ ಯೋಜನೆ: ಸುಮಾರು 22 ಎಕರೆಯಲ್ಲಿ ಒಂದು ಪಾಲು ಬಡವರ ಮನೆಗಳಿಗೆ, ಇನ್ನೊಂದು ಪಾಲು ಮಾಲ್‌ಗೆ. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಜೆಸಿಬಿಗಳು ಬಂದವು, ಸಾವಿರಾರು ಜನ ಬೀದಿಪಾಲಾದರು. ಎಷ್ಟೋ ಕುಟುಂಬಗಳು ತಗಡಿನ ಬೇಲಿಗೆ ಟಾರ್ಪಾಲು ಕಟ್ಟಿಕೊಂಡು ಫುಟ್‌ಪಾತಿನಲ್ಲೇ ವರ್ಷಗಟ್ಟಲೆ ಬದುಕಿದವು. ಬೇಲಿಯೊಳಗೆ ಅಷ್ಟು ವರ್ಷವೂ ನೆಲ ಪಾಳುಬಿದ್ದಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನೀನು ಹೇಳುವ ಮನೆಗಳಿರುವುದು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯಲ್ಲಿ. ಕೋರಮಂಗಲದಲ್ಲಿ ಮನೆಗೆಲಸ ಮಾಡುವ ಹೆಂಗಸಿನ ಬೆಳಗನ್ನು ಸ್ವಲ್ಪ ಲೆಕ್ಕ ಹಾಕು. ಆರೂವರೆಗೆ ಮೊದಲ ಮನೆಯ ಪಾತ್ರೆ. ಎಂಟಕ್ಕೆ ಓಡಿಬಂದು, ಮಗಳಿಗೆ ಜಡೆ ಹೆಣೆದು, ಡಬ್ಬಿ ಕಟ್ಟಿ ಶಾಲೆಗೆ ಕಳಿಸಬೇಕು. ಒಂಬತ್ತಕ್ಕೆ ಎರಡನೇ ಮನೆ. ನಡೆದು ಹೋಗುವಷ್ಟು ಹತ್ತಿರ ಮನೆಯಿದ್ದರಷ್ಟೇ ಈ ಬದುಕು ನಡೆಯುತ್ತದೆ. ಸೂಲಿಕುಂಟೆಗೆ ಹೋದರೆ ತಲೆಯ ಮೇಲೆ ಸೂರು ಸಿಕ್ಕೀತು, ಎರಡೂ ಮನೆಯ ಕೆಲಸ ಹೋಗುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಬಾಡಿಗೆದಾರರ ಪಾಡು. ಮರಳಿ ಮನೆ ಕೊಡುವ ಮಾತೆಲ್ಲ ಮೂಲ ಹಂಚಿಕೆದಾರರಿಗೆ, ಅಂದರೆ ಮೊದಲು ಯಾರ ಹೆಸರಿಗೆ ಮನೆ ಮಂಜೂರಾಗಿತ್ತೋ ಅವರಿಗೆ. ಅಲ್ಲಿ ವಾಸವಿದ್ದವರಲ್ಲಿ ಬಹಳಷ್ಟು ಮಂದಿ ಬಾಡಿಗೆಗಿದ್ದವರು. ಕೈಯಲ್ಲಿ ಕಾಗದವಿಲ್ಲ, ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ. ಬೇರೆ ಮನೆ ಹುಡುಕಹೊರಟರೆ ನಮ್ಮೂರಿನ ವಾಡಿಕೆ ಗೊತ್ತಲ್ಲ, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಅದಕ್ಕೆ ಎರಡು ತಿಂಗಳ ಮಿತಿ ಹಾಕಿದೆ. ಆದರೆ ಮಾದರಿ ಎಂದರೆ ಮಾದರಿಯಷ್ಟೇ, ರಾಜ್ಯ ತನ್ನ ಕಾನೂನಿಗೆ ಸೇರಿಸಿಕೊಂಡರೆ ಮಾತ್ರ ಅದಕ್ಕೆ ಬಲ.

ಬಡವರಿಗೆಂದು ಮೀಸಲಿಟ್ಟ ಸರ್ಕಾರಿ ನೆಲದಲ್ಲಿ ಮಾಲ್‌ಗೆ ಒಂದಿಂಚೂ ಸಲ್ಲಬಾರದಿತ್ತು, ಬಾಡಿಗೆಗಿದ್ದವರಿಗೂ ಅಲ್ಲೇ ಮನೆ ಸಿಗಬೇಕಿತ್ತು. ಈ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ನೀನು ಒಪ್ಪದಿದ್ದರೂ ಸರಿ, ನಿಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವವರು ಎಲ್ಲಿಂದ ಬರುತ್ತಾರೆ, ಬಾಡಿಗೆ ಎಷ್ಟು ಕಟ್ಟುತ್ತಾರೆ ಎಂದು ಒಮ್ಮೆ ವಿಚಾರಿಸು. ಆಮೇಲೆ ಬರೆ, ಜಗಳವಾಡೋಣ.

ನಿನ್ನ ಗೆಳೆಯ