ಇನ್ಸುಲಿನ್ ಯಾಕೆ ಮಾತ್ರೆಯಾಗಿ ಬರುವುದಿಲ್ಲ ಎಂದು ಕೇಳಿದ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಆರಾಮ. ಅಪ್ಪ, ತಮ್ಮ, ನೀನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಉಳಿದಿದೆ: "ಸಕ್ಕರೆ ಕಾಯಿಲೆಗೆ ಅಷ್ಟೊಂದು ಮಾತ್ರೆ ಇವೆಯಲ್ಲ, ಇನ್ಸುಲಿನ್ನಿಗೆ ಮಾತ್ರ ಸೂಜಿಯೇ ಯಾಕೆ ಬೇಕು?" ಲ್ಯಾಬಿನಲ್ಲಿ ನಾನು ದಿನವೂ ಮಾಡುವ ಕೆಲಸ ಇದೇ ಪ್ರಶ್ನೆಯ ಸುತ್ತ ಇದೆ, ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ.

ನುಂಗಿದ ಔಷಧ ರಕ್ತ ಸೇರಬೇಕಾದರೆ ಮೊದಲು ಕರುಳಿನ ಒಳಗೋಡೆ ದಾಟಬೇಕು. ಆ ಗೋಡೆಯ ಮೇಲ್ಪದರ ಒಂದೇ ಒಂದು ಸಾಲು ಜೀವಕೋಶದಷ್ಟು ದಪ್ಪ. ಅಷ್ಟು ತೆಳುವಾದರೂ ಸುಲಭಕ್ಕೆ ಯಾರನ್ನೂ ಒಳಗೆ ಬಿಡುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಕೋಶಗಳು ಬಿಗಿಯಾಗಿ ಬೆಸೆದುಕೊಂಡಿರುತ್ತವೆ. ಕೊಬ್ಬಿನಲ್ಲಿ ಕರಗುವ ಚಿಕ್ಕ ಅಣುಗಳು ಕೋಶದ ಮೈಯನ್ನೇ ತೂರಿಕೊಂಡು ಹೋಗುತ್ತವೆ. ನೀನು ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಚಿಕ್ಕದೇ, ಅಣುತೂಕ 129. ಆದರೆ ಅದು ಕೊಬ್ಬಿಗಿಂತ ನೀರಿಗೆ ಒಲಿಯುವಂಥದ್ದು. ಕೋಶಗಳ ಮೇಲಿರುವ ಸಾಗಣೆ ಪ್ರೋಟೀನುಗಳು ಅದನ್ನು ಒಳಗೆ ಕರೆದೊಯ್ಯಬೇಕು, ಆಗಲೂ ನುಂಗಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ರಕ್ತ ಸೇರುವುದು. ಇನ್ಸುಲಿನ್ನಿನ ಅಣುತೂಕ 5,800ರ ಹತ್ತಿರ. ಅದೊಂದು ಪ್ರೋಟೀನು, ಹಾಗಾಗಿ ಹೊಟ್ಟೆ ಮತ್ತು ಸಣ್ಣ ಕರುಳಿನ ಕಿಣ್ವಗಳು ಅದನ್ನು ಜೀರ್ಣಿಸಿಬಿಡುತ್ತವೆ. ತಪ್ಪಿಸಿಕೊಂಡು ಉಳಿದದ್ದು ಗೋಡೆ ದಾಟಲಾರದಷ್ಟು ದೊಡ್ಡದು. ಇದರ ಮೇಲೆ, ಕೆಲವು ಔಷಧಗಳು ಕೋಶದೊಳಗೆ ಕಾಲಿಟ್ಟರೂ ಪಿ-ಗ್ಲೈಕೋಪ್ರೋಟೀನ್ ಎಂಬ ಇನ್ನೊಂದು ಪ್ರೋಟೀನು ಅವನ್ನು ಹಿಡಿದು ಮರಳಿ ಕರುಳಿಗೇ ತಳ್ಳುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್‌ಗೆ ಹೀಗಾಗುತ್ತದೆ.

ಹೊಸ ಔಷಧವೊಂದು ಈ ಗೋಡೆ ದಾಟುತ್ತದೋ ಇಲ್ಲವೋ ಎಂದು ಮನುಷ್ಯರಿಗೆ ಕೊಡುವ ಮೊದಲೇ ತಿಳಿಯಬೇಕಲ್ಲ? ಅದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಕ್ಯಾಕೊ-2 ಕೋಶಗಳು. 1970ರ ದಶಕದಲ್ಲಿ ಒಬ್ಬ ರೋಗಿಯ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದವು. ಸಣ್ಣ ರಂಧ್ರಗಳಿರುವ ಪೊರೆಯ ಮೇಲೆ ಸುಮಾರು 21 ದಿನ ಬೆಳೆಯಲು ಬಿಟ್ಟರೆ ಅವು ಸಣ್ಣ ಕರುಳಿನ ಪದರದಂತೆ ನಡೆದುಕೊಳ್ಳುತ್ತವೆ! ನನಗೆ ಇದು ಇವತ್ತಿಗೂ ಬೆರಗು. ಮೇಲೆ ಔಷಧ ಹಾಕಿ, ಕೆಳಗೆ ಎಷ್ಟು ಬಂತೆಂದು ಅಳೆಯುತ್ತಾರೆ. ಆದರೆ ಅಲ್ಲಿ ದ್ರವ ನಿಂತಲ್ಲೇ ನಿಂತಿರುತ್ತದೆ. ನಮ್ಮ ಕರುಳಿನಲ್ಲಿ ದ್ರವ ಹರಿಯುತ್ತದೆ, ಗೋಡೆ ಹಿಗ್ಗಿ ಕುಗ್ಗುತ್ತದೆ.

ಆ ಹರಿವನ್ನೂ ಹಿಗ್ಗುವಿಕೆಯನ್ನೂ ತರುವುದೇ ನಾವು ಬಳಸುವ ಚಿಪ್. ಅಂಗೈಯಲ್ಲಿ ಹಿಡಿಸುವ ಪಾರದರ್ಶಕ ಸಿಲಿಕೋನ್ ತುಂಡು, ಒಳಗೆ ಒಂದರ ಮೇಲೊಂದು ಎರಡು ಕಿರುನಾಳ, ನಡುವೆ ರಂಧ್ರಗಳ ಪೊರೆ. ಮೇಲಿನ ನಾಳ ಕರುಳಿನ ಕಡೆ, ಕೆಳಗಿನದು ರಕ್ತದ ಕಡೆ. ಹಾರ್ವರ್ಡ್‌ನ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಕರುಳಿನ ಚಿಪ್‌ನಲ್ಲಿ ಗಂಟೆಗೆ 30 ಮೈಕ್ರೋಲೀಟರ್ ದ್ರವ ಹರಿಯುತ್ತಿತ್ತು, ಅಂದರೆ ಗಂಟೆಯಿಡೀ ಹರಿದರೂ ಒಂದು ಹನಿ ತುಂಬದು. ಪಕ್ಕದ ಕೋಣೆಗಳಿಂದ ಗಾಳಿ ಎಳೆದು ಪೊರೆಯನ್ನು ನಿಮಿಷಕ್ಕೆ ಒಂಬತ್ತು ಸಲದಂತೆ ಶೇ 10ರಷ್ಟು ಹಿಗ್ಗಿಸುತ್ತಿದ್ದರು. ಇಷ್ಟೇ ಮಾಡಿದ್ದಕ್ಕೆ, ಮೂರು ವಾರ ಕಾಯಬೇಕಿದ್ದ ಅದೇ ಕ್ಯಾಕೊ-2 ಕೋಶಗಳು ಕೆಲವೇ ದಿನಗಳಲ್ಲಿ ಎತ್ತರಕ್ಕೆ ಬೆಳೆದು, ಕರುಳಿನಲ್ಲಿರುವಂತೆ ಮಡಿಕೆ ಮಡಿಕೆಯಾಗಿ ಎದ್ದು ನಿಂತವು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಅವುಗಳ ಜೊತೆಗೇ ಒಂದು ವಾರಕ್ಕೂ ಮೀರಿ ಬೆಳೆಸಿದರು. ಕೋಶಗಳಿಗೆ ಏನೂ ಆಗಲಿಲ್ಲ.

ಔಷಧ ಹಾಕುವ ಮೊದಲು ಪದರದಲ್ಲಿ ಬಿರುಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸಣ್ಣ ವಿದ್ಯುತ್ ಹಾಯಿಸಿ ರೋಧ ಅಳೆಯುತ್ತೇವೆ; ಲೂಸಿಫರ್ ಯೆಲ್ಲೋ ಎಂಬ ಹೊಳೆಯುವ ಬಣ್ಣ ಹಾಕಿ ಅದು ಕೆಳಗೆ ಸೋರುತ್ತದೆಯೇ ಎಂದು ನೋಡುತ್ತೇವೆ. ಒಂದು ಗಾಳಿಗುಳ್ಳೆ ನಾಳದಲ್ಲಿ ಸಿಕ್ಕಿಕೊಂಡರೆ ಕೋಶಗಳು ಕಿತ್ತುಬರುತ್ತವೆ, ಅಷ್ಟು ಸೂಕ್ಷ್ಮ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆಮೇಲಿನ ಕೆಲಸ. ಕೆಳಗೆ ಔಷಧ ಕಡಿಮೆ ಬಂತು ಎಂದ ಮಾತ್ರಕ್ಕೆ ಕರುಳು ಅದನ್ನು ಬಿಡಲಿಲ್ಲ ಎನ್ನಲಾಗದು. ಕೊಬ್ಬಿಗೆ ಒಲಿಯುವ ಔಷಧಗಳನ್ನು ಆ ಸಿಲಿಕೋನೇ ಹೀರಿಕೊಳ್ಳುತ್ತದೆ. ಉಳಿದದ್ದು ಕೊಳವೆಯ ಗೋಡೆಗೆ ಅಂಟಿರಬಹುದು, ಕೋಶದೊಳಗೇ ಕೂತಿರಬಹುದು. ತಿಂಗಳ ಕೊನೆಗೆ ಖರ್ಚು ತಾಳೆಯಾಗದೆ ನೀನು ಲೆಕ್ಕದ ಪುಸ್ತಕ ಮುಚ್ಚುವುದಿಲ್ಲವಲ್ಲ, ಹಾಗೆಯೇ ಹಾಕಿದ ಔಷಧವೆಲ್ಲ ಎಲ್ಲೆಲ್ಲಿ ಹೋಯಿತೆಂದು ಸಿಗುವವರೆಗೆ ಯಾವ ಅಂಕಿಯನ್ನೂ ನಂಬಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಜಿನಲ್ಲಿ ಚಿಪ್ ಮಾಡಿದರೆ ಹೀರುವ ತೊಂದರೆ ತಪ್ಪುತ್ತದೆ, ಆದರೆ ಗಾಜು ಹಿಗ್ಗುವುದಿಲ್ಲ, ಕೋಶಗಳಿಗೆ ಬೇಕಾದ ಆಮ್ಲಜನಕವನ್ನೂ ಒಳಬಿಡುವುದಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗ ಇದರಿಂದ ನಿಲ್ಲುತ್ತದೆಯೇ ಎಂದು ಅಪ್ಪ ಕೇಳಿದ್ದರು. ಪೂರ್ತಿ ನಿಂತಿಲ್ಲ. ಆದರೆ 2022ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಕಾನೂನು ಬದಲಿಸಿ, ಹೊಸ ಔಷಧಕ್ಕೆ ಪ್ರಾಣಿಪರೀಕ್ಷೆ ಆಗಲೇಬೇಕೆಂಬ ಷರತ್ತು ತೆಗೆಯಿತು. 2023ರಲ್ಲಿ ಭಾರತವೂ ನಿಯಮ ತಿದ್ದಿ ಇಂಥ ವಿಧಾನಗಳಿಗೆ ಜಾಗ ಕೊಟ್ಟಿತು.

ಮತ್ತೆ ನಿನ್ನ ಪ್ರಶ್ನೆಗೆ ಬರುತ್ತೇನೆ. ಸೆಮಾಗ್ಲುಟೈಡ್ ಎಂಬ ಇನ್ನೊಂದು ಸಕ್ಕರೆ ಕಾಯಿಲೆಯ ಔಷಧವೂ ಇನ್ಸುಲಿನ್ನಿನಂತೆ ದೊಡ್ಡ ಅಣುವೇ, 4,100ರಷ್ಟು. 2019ರಲ್ಲಿ ಅದು ಮಾತ್ರೆಯಾಗಿ ಬಂತು. ಹೀರಿಕೊಳ್ಳಲು ನೆರವಾಗುವ ಒಂದು ಪದಾರ್ಥವನ್ನು ಜೊತೆಗೆ ಸೇರಿಸಿದ್ದಾರೆ, ಆದರೂ ನುಂಗಿದ್ದರಲ್ಲಿ ಶೇ 1ರಷ್ಟು ಮಾತ್ರ ರಕ್ತ ಸೇರುತ್ತದೆ. ಒಮ್ಮೆ ರಕ್ತ ಸೇರಿದರೆ ಅರ್ಧಕ್ಕಿಳಿಯಲು ವಾರ ಬೇಕಾಗುವುದರಿಂದ ಒಂದು ದಿನ ತುಸು ಹೆಚ್ಚು, ಒಂದು ದಿನ ತುಸು ಕಡಿಮೆಯಾದರೂ ನಡೆಯುತ್ತದೆ. ಇನ್ಸುಲಿನ್ನಿಗೆ ಆ ಸಲುಗೆಯಿಲ್ಲ ಅಮ್ಮ. ಇವತ್ತು ಒಂದು ಪಾಲು, ನಾಳೆ ಎರಡು ಪಾಲು ರಕ್ತ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ದಾಟಿದರೆ ಸಾಲದು, ದಿನವೂ ಅಷ್ಟೇ ದಾಟಬೇಕು. ಅದನ್ನು ಸಾಧಿಸುವ ದಾರಿ ಹುಡುಕಲು ಇಂಥ ಚಿಪ್‌ಗಳು ನೆರವಾಗುತ್ತವೆ ಎಂಬ ನಂಬಿಕೆ ನನಗಿದೆ.

ಅಲ್ಲಿಯವರೆಗೆ ಸೂಜಿ ತಪ್ಪಿಸಬೇಡ. ಯಾರಾದರೂ ಇನ್ಸುಲಿನ್ನಿಗೆ ಬದಲಿ ಮಾತ್ರೆ, ಪುಡಿ ಎಂದು ಕೊಟ್ಟರೆ ಡಾಕ್ಟರನ್ನು ಕೇಳದೆ ಮುಟ್ಟಲೂಬೇಡ. ಬ್ಯಾಕ್ಟೀರಿಯಾದ ಭಾಗ ತಮ್ಮನಿಗೆ ಓದಿ ಹೇಳು, ಅವನ ಪ್ರಶ್ನೆಗಳಿದ್ದರೆ ಬರೆದು ಕಳಿಸಲಿ. ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ಮಗಳು