ಕ್ರಿಯೇಟಿನ್ ಪೌಡರ್: ತೊಂದರೆ ಬರುವುದೆಲ್ಲಿಂದ?

ಮಾನ್ಯರೇ,

ಮಂಗಳೂರು, ಉಡುಪಿ, ಮಣಿಪಾಲದ ಜಿಮ್‌ಗಳಿಗೆ ಹೋಗುವ ಕಾಲೇಜು ಹುಡುಗರ ಬ್ಯಾಗಿನಲ್ಲಿ, ಸ್ನಾಯುಬಲಕ್ಕೆಂದು ನೀರಿಗೆ ಬೆರೆಸಿ ಕುಡಿಯುವ ಕ್ರಿಯೇಟಿನ್ ಪುಡಿಯ ಡಬ್ಬ ಈಗ ಮಾಮೂಲಿ. ಕಿಡ್ನಿ ಹಾಳಾಗುತ್ತದೆ ಎಂದು ಮನೆಯವರಿಗೆ ಹೆದರಿಕೆ, ಎಷ್ಟು ಹಾಕಿದರೂ ಏನೂ ಆಗದು ಎಂದು ಹುಡುಗರಿಗೆ ಧೈರ್ಯ. ಎರಡೂ ಸರಿಯಲ್ಲ.

ಕ್ರಿಯೇಟಿನ್ ಸ್ಟೀರಾಯ್ಡ್ ಅಲ್ಲ. ನಮ್ಮ ದೇಹವೇ ಅದನ್ನು ತಯಾರಿಸುತ್ತದೆ. ಬಂಗುಡೆ, ಕೋಳಿಯಿಂದಲೂ ಸಿಗುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 3ರಿಂದ 5 ಗ್ರಾಂ ಧಾರಾಳ. ಎಡವಟ್ಟಾಗುವುದು 'ಲೋಡಿಂಗ್' ಹೆಸರಿನಲ್ಲಿ, ಅಂದರೆ ಸ್ನಾಯುಗಳಲ್ಲಿ ಬೇಗ ತುಂಬಿಕೊಳ್ಳಲೆಂದು ಮೊದಮೊದಲು ಹೆಚ್ಚು ಕುಡಿಯುವುದರಲ್ಲಿ. ಮೊದಲ ವಾರ ದಿನಕ್ಕೆ 20 ಗ್ರಾಂ ಎಂದರೆ 5 ಗ್ರಾಂನಂತೆ ನಾಲ್ಕು ಹೊತ್ತು ಎಂದರ್ಥ. ಹಲವರು ಅದನ್ನು ಎರಡೇ ಸಲಕ್ಕೆ ಮುಗಿಸಿ, ಹೊಟ್ಟೆನುಲಿತ, ಭೇದಿಯಿಂದ ಒದ್ದಾಡುತ್ತಾರೆ. ಈ ಪುಡಿ ಬೇಗ ಕರಗುವಂಥದ್ದಲ್ಲ: 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 14 ಗ್ರಾಂ, ಫ್ರಿಜ್ಜಿನ ನೀರಿನಲ್ಲಿ ಅದರರ್ಧವೂ ಇಲ್ಲ. ಹೀರಿಕೆಯಾಗದೆ ಉಳಿದದ್ದು ಕರುಳಿಗೆ ನೀರೆಳೆಯುತ್ತದೆ. 5 ಗ್ರಾಂ ಪುಡಿಯನ್ನು 300–350 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ, ಲೋಟದ ತಳದಲ್ಲಿ ಮರಳಿನಂತೆ ಏನೂ ಉಳಿಯದಷ್ಟು ಕದಡಿ, ಊಟದ ಜೊತೆ ಕುಡಿಯಬೇಕು. ಅಸಲಿಗೆ ಲೋಡಿಂಗ್ ಅಗತ್ಯವೇ ಇಲ್ಲ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತೆಗೆದುಕೊಂಡರೂ ಸ್ನಾಯುಗಳಲ್ಲಿ ಅಷ್ಟೇ ಸಂಗ್ರಹವಾಗುತ್ತದೆ. ನಮ್ಮ ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿದರೆ ಸ್ಕೂಪಿನ ಅಳತೆ ನಂಬಬೇಡಿ, ತೂಕ ಮಾಡಿ.

ಲೋಡಿಂಗ್ ಮಾಡಿದವರಿಗೆ ಮೊದಲ ವಾರ ಒಂದೆರಡು ಕೆ.ಜಿ. ಏರುವುದು ನೀರಿನ ತೂಕ. ಕೂದಲು ಉದುರುವ ಭಯ ಹುಟ್ಟಿದ್ದು ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಿಂದ. ಅಲ್ಲಿ ಅಳೆದದ್ದು ಕೂದಲು ಉದುರುವುದರೊಂದಿಗೆ ನಂಟಿರುವ ಹಾರ್ಮೋನನ್ನು, ಕೂದಲನ್ನಲ್ಲ.

ಹೆಚ್ಚು ಗೊಂದಲ ರಕ್ತಪರೀಕ್ಷೆಯದು. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವುದು ಕ್ರಿಯೇಟಿನಿನ್ ಅನ್ನು; ಕ್ರಿಯೇಟಿನ್ ಒಡೆದು ಆಗುವುದೇ ಅದು. ಪೌಡರ್ ಕುಡಿಯುವವರಲ್ಲಿ, ಅದರಲ್ಲೂ ಸ್ನಾಯು ದಪ್ಪವಿರುವವರಲ್ಲಿ, ಕಿಡ್ನಿ ಸರಿಯಿದ್ದರೂ ಕ್ರಿಯೇಟಿನಿನ್ ತುಸು ಏರಬಹುದು. ಅದರಿಂದಲೇ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಕಡಿಮೆ ತೋರಿಸುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಹಾಗೆಂದು 'ಪೌಡರಿನದ್ದೇ ಬಿಡು' ಎಂದು ವರದಿಯನ್ನು ಮೂಲೆಗೆ ಹಾಕುವುದು ಇನ್ನೂ ಅಪಾಯ. ವೈದ್ಯರಿಗೆ ಎಷ್ಟು ಗ್ರಾಂ, ಎಷ್ಟು ದಿನದಿಂದ ಎಂದು ಹೇಳಿ. ಸ್ನಾಯುವಿನ ಪ್ರಭಾವ ಹೆಚ್ಚಾಗಿ ತಟ್ಟದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಭಾರೀ ವ್ಯಾಯಾಮ, ಮಾಂಸದೂಟ ಬೇಡ.

ಕಿಡ್ನಿ ಕಾಯಿಲೆ ಇರುವವರು ಇದರ ತಂಟೆಗೇ ಹೋಗಬಾರದು. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಕರಾವಳಿಯ ಸೆಕೆಯಲ್ಲಿ ಕಬಡ್ಡಿ ಆಡಿ ಬೆವರಿಳಿಸಿ, ನೀರು ಕುಡಿಯದೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುವ ಅಭ್ಯಾಸವಂತೂ ಪೌಡರ್ ಇಲ್ಲದಿದ್ದರೂ ಕಿಡ್ನಿಗೆ ಪೆಟ್ಟು. 18 ತುಂಬದವರಿಗೆ ಕ್ರಿಯೇಟಿನ್ ಮಾರಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆ ಇಲ್ಲದ, ಬಿಡಿಯಾಗಿ ತುಂಬಿಕೊಡುವ ಪುಡಿಯನ್ನು ಯಾರೂ ಕೊಳ್ಳಬಾರದು.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಲ್ಯಾಬ್‌ಗಳು ಕ್ರಿಯೇಟಿನಿನ್ ಪರೀಕ್ಷೆಗೆ ರಕ್ತ ತೆಗೆಯುವ ಮೊದಲು 'ಜಿಮ್ ಪೌಡರ್ ತೆಗೆದುಕೊಳ್ಳುತ್ತೀರಾ?' ಎಂದು ಕೇಳಿ, ಉತ್ತರವನ್ನು ವರದಿಯಲ್ಲೇ ನಮೂದಿಸಬೇಕೆಂದು ವಿನಂತಿಸುತ್ತೇವೆ.

– ಉಡುಪಿಯ ಕೆಲವು ಆಹಾರತಜ್ಞರು ಮತ್ತು ಜಿಮ್ ತರಬೇತುದಾರರು