ಪದಕಕ್ಕೂ ಮುಂಚಿನ ಕಥೆ ಬರೆಸಿ

ಸಂಪಾದಕರೇ,

ಕಷ್ಟ ಗೆದ್ದವರ ಬಗ್ಗೆ ಬರುವ ಲೇಖನಗಳನ್ನು ತಪ್ಪದೆ ಓದುತ್ತೇನೆ. ಆದರೆ ಹೆಚ್ಚಿನವು ಕಾಯಿಲೆಯಿಂದ ನೇರ ಪದಕಕ್ಕೆ ಹಾರಿಬಿಡುತ್ತವೆ. ನಡುವಿನ ವರ್ಷಗಳು ಎಲ್ಲಿ ಹೋದವು?

ವಿಲ್ಮಾ ರುಡಾಲ್ಫ್ ಅವರನ್ನೇ ನೋಡಿ. 1960ರ ರೋಮ್ ಒಲಿಂಪಿಕ್ಸ್‌ ಓಟದಲ್ಲಿ ಮೂರು ಚಿನ್ನ ಗೆದ್ದವರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಸೋತಿತ್ತು. ವರ್ಷಗಟ್ಟಲೆ ಕಾಲಿಗೆ ಲೋಹದ ಪಟ್ಟಿ. ತಾಯಿ ದೂರದ ಆಸ್ಪತ್ರೆಗೆ ಬಸ್ಸಿನಲ್ಲಿ ಮತ್ತೆ ಮತ್ತೆ ಕರೆದುಕೊಂಡು ಹೋದರು. ಮನೆಯವರು ದಿನಾ ಸರದಿಯ ಮೇಲೆ ಕಾಲು ತಿಕ್ಕಿದರು. ನನಗೆ ಚಿನ್ನಕ್ಕಿಂತ ಈ ಕಾಲು ತಿಕ್ಕುವ ಕೆಲಸವೇ ದೊಡ್ಡದು ಅನ್ನಿಸುತ್ತದೆ. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅಲ್ವಾ?

2011ರಲ್ಲಿ ರೈಲು ಹರಿದು ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ, 2013ರಲ್ಲಿ ಎವರೆಸ್ಟ್ ಏರಿದರು. ಆಸ್ಪತ್ರೆಯ ಹಾಸಿಗೆಯಲ್ಲೇ ಗುರಿ ಇಟ್ಟುಕೊಂಡಿದ್ದರು, ನಿಜ. ಆಮೇಲೆ ಪರ್ವತಾರೋಹಿ ಬಚೇಂದ್ರಿ ಪಾಲ್ ಅವರ ಕೈಕೆಳಗೆ ಕಠಿಣ ತರಬೇತಿಯೂ ಆಯಿತು.

ಕನಸು ಬೇಕು, ಛಲವೂ ಬೇಕು. ಆದರೆ ‘ಮನಸ್ಸಿದ್ದರೆ ಮಾರ್ಗ’ ಎಂದು ಸುಮ್ನೆ ಹೇಳಿ ಮುಗಿಸಿದರೆ, ಇನ್ನೂ ಹಾಸಿಗೆಯಿಂದ ಏಳಲಾಗದವರಿಗೆ ತಪ್ಪು ತಮ್ಮದೇ ಅನ್ನಿಸೀತು. ಇನ್ನು ಮುಂದೆ ಇಂಥ ಲೇಖನ ಹಾಕುವಾಗ ಜತೆಗೆ ನಿಂತವರು ಯಾರು, ಚೇತರಿಕೆಗೆ ಎಷ್ಟು ಕಾಲ ಹಿಡಿಯಿತು ಎಂಬುದನ್ನೂ ಕೇಳಿ ಬರೆಸಿ.

– ಒಬ್ಬ ಓದುಗ